ಪುಸ್ತಕ ತಡವಾದರೆ ಪುಸ್ತಕವನ್ನೇ ತೆಗೆಯಬೇಕೆ?

ಜೂನ್ ಬಂತೆಂದರೆ ನಮ್ಮಲ್ಲಿ ಎರಡು ಮಾತು ತಪ್ಪುವುದಿಲ್ಲ. ಶಾಲೆ ಶುರುವಾದರೂ ಪಠ್ಯಪುಸ್ತಕ ಬಂದಿಲ್ಲ ಎಂಬುದು ಒಂದು. ಪ್ರೌಢಶಾಲೆಯ ಮಕ್ಕಳಿಗೆ ಈ ಪುಸ್ತಕದ ರಗಳೆಯೇ ಬೇಡ, ತಲೆಗೊಂದು ಲ್ಯಾಪ್‌ಟಾಪ್ ಕೊಟ್ಟುಬಿಡಿ ಎಂಬುದು ಇನ್ನೊಂದು. ಎರಡನೆಯ ಮಾತಾಡುವವರು ದಡ್ಡರಲ್ಲ. ಅವರಲ್ಲಿ ಸಾಫ್ಟ್‌ವೇರ್ ಕೆಲಸದವರಿದ್ದಾರೆ, ಮಕ್ಕಳ ಬೆನ್ನು ಬಾಗುವುದನ್ನು ದಿನವೂ ನೋಡುವ ತಂದೆತಾಯಿಗಳಿದ್ದಾರೆ, ನನ್ನಂಥ ಮೇಷ್ಟ್ರುಗಳೂ ಕೆಲವರಿದ್ದಾರೆ. ಆದ್ದರಿಂದ ಅವರ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡೇ ಉತ್ತರ ಹೇಳಬೇಕು.

ನನಗೆ ಲ್ಯಾಪ್‌ಟಾಪ್ ಮೇಲೆ ಸಿಟ್ಟಿಲ್ಲ. ನಾನು ಪಾಠ ಮಾಡುವುದು ಗಣಿತ. ಅದರಿಂದ ಏನೇನು ಮಾಡಬಹುದೆಂದು ಗೊತ್ತು. ನನ್ನ ತಕರಾರು ಇಷ್ಟೇ: ಸರ್ಕಾರಿ ಶಾಲೆಯ ಮಗುವಿನ ಚೀಲದಲ್ಲಿ ಯಾರ ಹಂಗೂ ಇಲ್ಲದೆ ಉಳಿಯುವ ವಿದ್ಯೆಯ ಸಾಮಗ್ರಿ ಎಂದರೆ ಪಠ್ಯಪುಸ್ತಕ. ಅದನ್ನು ಕಿತ್ತುಕೊಂಡು ಅದರ ಜಾಗದಲ್ಲಿ ಕರೆಂಟು, ನೆಟ್‌ವರ್ಕು, ಗುತ್ತಿಗೆದಾರ, ಕಂಪನಿ ಎಲ್ಲರ ಹಂಗಿನಲ್ಲಿರುವ ವಸ್ತುವನ್ನು ಇಡಬೇಡಿ. ಪುಸ್ತಕದ ಜೊತೆಗೆ ಕೊಡುವುದಾದರೆ ಬೇಡವೆನ್ನುವಷ್ಟು ಹಟ ನನಗಿಲ್ಲ.

ಮೊದಲು ಬೆನ್ನಿನ ಭಾರ. ಈ ವಾದ ಕೇಳಲು ಹಿತವಾಗಿದೆ, ತೂಕಕ್ಕೆ ಹಾಕಿದರೆ ನಿಲ್ಲುವುದಿಲ್ಲ. ಒಂಬತ್ತು, ಹತ್ತನೇ ತರಗತಿಯ ಚೀಲ 4ರಿಂದ 5 ಕಿಲೋ ಮೀರಬಾರದು ಎಂದು 2019ರಲ್ಲೇ ರಾಜ್ಯ ಸರ್ಕಾರದ ಆದೇಶವಾಗಿದೆ. ಭಾರ ಇಳಿಸಲೆಂದೇ ಪುಸ್ತಕಗಳನ್ನು ಭಾಗ ಒಂದು, ಭಾಗ ಎರಡು ಎಂದು ಸೀಳಿ ಅಚ್ಚು ಹಾಕುವುದೂ ನಡೆದಿದೆ. ಚೀಲದಲ್ಲಿ ಹೆಚ್ಚು ತೂಗುವುದು ನೋಟ್‌ಬುಕ್ಕು, ಗೈಡು, ಒಂದು ಕಿಲೋದ ನೀರಿನ ಬಾಟಲಿ, ಊಟದ ಡಬ್ಬಿ. ಲ್ಯಾಪ್‌ಟಾಪ್ ಬಂದರೆ ಇವು ಯಾವುವೂ ಹೋಗುವುದಿಲ್ಲ, ಏಕೆಂದರೆ ಪರೀಕ್ಷೆ ಬರೆಯುವುದು ಪೆನ್ನು ಕಾಗದದಲ್ಲಿ. ಚಾರ್ಜರ್ ಸೇರಿ ಎರಡು ಕಿಲೋ ಆಸುಪಾಸಿನ ಯಂತ್ರ ಮಾತ್ರ ಹೊಸದಾಗಿ ಸೇರುತ್ತದೆ. ಪುಸ್ತಕವನ್ನಾದರೆ ವೇಳಾಪಟ್ಟಿ ನೋಡಿ ಮನೆಯಲ್ಲಿ ಬಿಟ್ಟು ಬರಬಹುದು. ಲ್ಯಾಪ್‌ಟಾಪನ್ನು ಯಾವ ದಿನ ಬಿಟ್ಟು ಬರುತ್ತೀರಿ?

ಪುಸ್ತಕ ತಡವಾಗುತ್ತದೆ ಎಂಬುದು ಸತ್ಯ, ಅದನ್ನು ಸಮರ್ಥಿಸಲು ನಾನು ಬಂದಿಲ್ಲ. ತಡವಾಗುವುದು ಪುಸ್ತಕದ ಗುಣವೋ, ಇಲಾಖೆಯ ಗುಣವೋ ಎಂಬುದಷ್ಟೇ ಪ್ರಶ್ನೆ. ನೆರೆಯ ಕೇರಳದಲ್ಲಿ ಕಾಕ್ಕನಾಡಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾದ ಪುಸ್ತಕವನ್ನು ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು ಜಿಲ್ಲಾ ಕೇಂದ್ರಗಳಲ್ಲಿ ವಿಂಗಡಿಸಿ ಕಳಿಸುತ್ತಾರೆ. ಬೇಸಿಗೆ ರಜೆ ಮುಗಿಯುವ ಮೊದಲೇ ಮುಂದಿನ ವರ್ಷದ ಪುಸ್ತಕ ಮಕ್ಕಳ ಕೈ ಸೇರಿದ ವರ್ಷಗಳು ಅಲ್ಲಿವೆ. ಅದೂ ಕಾಗದವೇ, ಅದಕ್ಕೂ ಅಚ್ಚು, ಲಾರಿ, ಗೋದಾಮು ಬೇಕು. ನಮ್ಮಲ್ಲಿ ತಡವಾಗುವುದು ಪರಿಷ್ಕರಣೆ ಕೊನೆಗಳಿಗೆಗೆ ಬಂದಾಗ, ಟೆಂಡರು ಎಳೆದಾಡಿದಾಗ. ಲ್ಯಾಪ್‌ಟಾಪಿಗೆ ಟೆಂಡರಿಲ್ಲವೇ? ಪುಸ್ತಕದ ಟೆಂಡರನ್ನು ಹೊತ್ತಿಗೆ ಸರಿಯಾಗಿ ಮುಗಿಸಲಾಗದ ಕಚೇರಿ ಲಕ್ಷಗಟ್ಟಲೆ ಯಂತ್ರಗಳ ಟೆಂಡರನ್ನು ಮುಗಿಸಿ, ಕೆಟ್ಟದ್ದನ್ನು ರಿಪೇರಿ ಮಾಡಿಸಿ, ಹೋದ ಬ್ಯಾಟರಿ ಬದಲಿಸಿ ಕೊಡುತ್ತದೆ ಎಂದು ನಂಬುವುದು ಹೇಗೆ? ಪುಸ್ತಕ ಒಂದು ತಿಂಗಳು ತಡವಾದಾಗ ಮೇಲಿನ ತರಗತಿಗೆ ಹೋದವರ ಹಳೆಯ ಪುಸ್ತಕ ಇಸಿದು ಪಾಠ ಶುರು ಮಾಡುತ್ತೇವೆ. ಯಂತ್ರ ತಡವಾದರೆ ಇಸಿದುಕೊಳ್ಳುವುದು ಯಾರಿಂದ?

ಖರ್ಚಿನ ಲೆಕ್ಕವನ್ನು ಎದುರುಪಕ್ಷದವರು ಹೀಗೆ ಹೇಳುತ್ತಾರೆ: ವರ್ಷ ವರ್ಷ ಅಚ್ಚು ಹಾಕುವ ದುಡ್ಡು ಉಳಿಸಿದರೆ ಲ್ಯಾಪ್‌ಟಾಪ್ ತಾನೇ ತಾನಾಗಿ ಬರುತ್ತದೆ. ಉದಾರವಾಗಿಯೇ ಲೆಕ್ಕ ಹಾಕೋಣ. ಒಂದು ಮಗುವಿನ ಒಂದು ವರ್ಷದ ಪುಸ್ತಕಕ್ಕೆ ಸಾವಿರ ರೂಪಾಯಿ ಎಂದು ಹಿಡಿಯಿರಿ, ಎಂಟರಿಂದ ಹತ್ತರವರೆಗೆ ಮೂರು ಸಾವಿರ. ಯಂತ್ರಕ್ಕೆ ಇಪ್ಪತ್ತೈದು ಸಾವಿರ ಎಂದು ಹಿಡಿಯಿರಿ. ಅದೇ ಯಂತ್ರವನ್ನು ಆರು ವರ್ಷ ಎಳೆದು ಎರಡು ತಂಡದ ಮಕ್ಕಳಿಗೆ ಕೊಟ್ಟರೂ ಒಬ್ಬರ ಪಾಲಿಗೆ ಹನ್ನೆರಡೂವರೆ ಸಾವಿರವಾಯಿತು. ಇನ್ನೂ ರಿಪೇರಿ, ಇಂಟರ್‌ನೆಟ್, ಬ್ಯಾಟರಿ ಸೇರಿಸಿಲ್ಲ. ಆರು ವರ್ಷ ಬಾಳುತ್ತದೆ ಎಂಬುದೂ ನಮ್ಮ ಕೈಯಲ್ಲಿಲ್ಲ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಪರಿಷ್ಕರಣೆ ಕೊಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಅಮೆರಿಕದ ಶಾಲೆಗಳಲ್ಲಿ ಕ್ರೋಮ್‌ಬುಕ್‌ಗಳು ಯಂತ್ರ ಚೆನ್ನಾಗಿದ್ದರೂ ಪರಿಷ್ಕರಣೆಯ ಅವಧಿ ತೀರಿ ಕಸಕ್ಕೆ ಹೋಗುತ್ತಿವೆ ಎಂದು ಗ್ರಾಹಕ ಸಂಘಟನೆಗಳು ಕೂಗಾಡಿದ ಮೇಲೆ, 2023ರಲ್ಲಿ ಗೂಗಲ್ ಆ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿತು. ಹತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕಕ್ಕೆ ಇಂಥ ಗಡುವಿಲ್ಲ. ಪಿಡಿಒ, ಕಾನ್‌ಸ್ಟೆಬಲ್, ಕೆಎಎಸ್ ಪರೀಕ್ಷೆಗೆ ಓದುವವರು ಆರರಿಂದ ಹತ್ತರವರೆಗಿನ ಪುಸ್ತಕಗಳನ್ನು ತಮ್ಮನಿಂದಲೋ ಪಕ್ಕದ ಮನೆಯವರಿಂದಲೋ ಇಸಿದುಕೊಂಡು ಕೂರುವುದು ಪ್ರತಿ ಊರಿನಲ್ಲೂ ಕಾಣುತ್ತದೆ.

‘ಲ್ಯಾಪ್‌ಟಾಪ್ ಪಾಠಕ್ಕಷ್ಟೇ ಅಲ್ಲ, ನೂರು ಕೆಲಸಕ್ಕೆ ಬರುತ್ತದೆ’ ಎಂಬುದು ಇದಕ್ಕೆ ಅವರ ಮರುಮಾತು. ಬರಲಿ. ಹಾಗಾದರೆ ಆ ನೂರು ಕೆಲಸದ ಖರ್ಚನ್ನು ಬೇರೆ ಬಾಬ್ತಿನಲ್ಲಿ ಬರೆಯಿರಿ, ಪುಸ್ತಕದ ಬಾಬ್ತಿನಿಂದ ಕೀಳಬೇಡಿ. ತಮಿಳುನಾಡು 2011ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮೇಲಿನ ತರಗತಿಯ ಮಕ್ಕಳಿಗೆ ಐವತ್ತು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. ಆದರೆ ಪುಸ್ತಕ ಕೊಡುವುದನ್ನು ನಿಲ್ಲಿಸಲಿಲ್ಲ. ಮುಂದೆ ಆ ಯೋಜನೆ ಕೆಲವು ವರ್ಷ ನಿಂತಿತು. ಪುಸ್ತಕ ಇತ್ತಾದ್ದರಿಂದ ಪಾಠ ನಿಲ್ಲಲಿಲ್ಲ.

ಇನ್ನು ಅವರು ಅತ್ಯಂತ ಹೆಮ್ಮೆಯಿಂದ ಹೇಳುವ ವಾದ, ನನಗೆ ಅತ್ಯಂತ ಹೆದರಿಕೆ ಹುಟ್ಟಿಸುವ ವಾದವೂ ಹೌದು. ಅಚ್ಚಾದ ಪುಸ್ತಕದಲ್ಲಿ ತಪ್ಪಿದ್ದರೆ ವರ್ಷವಿಡೀ ತಪ್ಪೇ, ಲ್ಯಾಪ್‌ಟಾಪಿನ ಪಾಠವನ್ನು ರಾತ್ರೋರಾತ್ರಿ ತಿದ್ದಬಹುದು ಎನ್ನುತ್ತಾರೆ. ತಿದ್ದಬಹುದು, ನಿಜ. ತಿದ್ದುವವರು ಯಾರು?

ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರಗೂರು ರಾಮಚಂದ್ರಪ್ಪನವರ ನೇತೃತ್ವದಲ್ಲಿ ಪರಿಷ್ಕಾರವಾಗಿದ್ದ ಪುಸ್ತಕಗಳನ್ನು ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿ ಮತ್ತೆ ಪರಿಷ್ಕರಿಸಿತು. 2022ರಲ್ಲಿ ಆ ಪುಸ್ತಕಗಳು ಹೊರಬಂದಾಗ ಎದ್ದ ಗದ್ದಲ ನೆನಪಿದೆಯಲ್ಲ. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಅಂಬೇಡ್ಕರ್ ಅವರ ಹೆಸರಿನ ಜೊತೆಗಿದ್ದ ‘ಸಂವಿಧಾನ ಶಿಲ್ಪಿ’ ಎಂಬ ಮಾತು ಬಿಟ್ಟುಹೋಗಿತ್ತು. ಬಸವಣ್ಣನವರ ಪಾಠದ ಬಗ್ಗೆ ಮಠಾಧೀಶರು ಆಕ್ಷೇಪ ಎತ್ತಿದರು. ಸರ್ಕಾರ ತಿದ್ದುಪಡಿ ಹೊರಡಿಸಬೇಕಾಯಿತು. ಮರುವರ್ಷ ಸರ್ಕಾರ ಬದಲಾಯಿತು. ಪುಸ್ತಕ ಆಗಲೇ ಅಚ್ಚಾಗಿ ಶಾಲೆ ಸೇರಿತ್ತು, ಹಾಗಾಗಿ ಯಾವ ಪಾಠ ಬೇಡ, ಯಾವುದು ಬೇಕು ಎಂದು ಪೂರಕ ಹೊತ್ತಿಗೆ ಕಳಿಸಿದರು.

ಆ ಎರಡು ವರ್ಷ ನಾವು ಮೇಷ್ಟ್ರುಗಳು ಪಟ್ಟ ಪಾಡನ್ನು ಮುಂದಿಟ್ಟು ‘ನೋಡಿ, ಡಿಜಿಟಲ್ ಆಗಿದ್ದರೆ ಈ ಗೋಳೇ ಇರುತ್ತಿರಲಿಲ್ಲ’ ಎನ್ನುತ್ತಾರೆ. ಗೋಳು ಇರುತ್ತಿರಲಿಲ್ಲ, ಸರಿ. ಅದು ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ! ಹಳೆಯ ಪುಸ್ತಕವನ್ನೂ ಹೊಸ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲು ಹೋಲಿಸಲು ಸಾಧ್ಯವಾಗಿದ್ದಕ್ಕೇ ಆ ಎರಡು ಪದ ಕಾಣೆಯಾದದ್ದು ಬೆಳಕಿಗೆ ಬಂತು. ಬಲಪಂಥವೋ ಎಡಪಂಥವೋ, ಯಾವ ಪಕ್ಷದವರಾದರೂ ಸರಿ, ಅಚ್ಚಾದ ಪುಸ್ತಕವನ್ನು ಬದಲಿಸಬೇಕಾದರೆ ಆದೇಶ ಹೊರಡಿಸಬೇಕು, ಮುದ್ರಿಸಬೇಕು, ಹಂಚಬೇಕು. ಆ ನಾಚಿಕೆಯೆಲ್ಲ ಬೀದಿಯಲ್ಲೇ ನಡೆಯಬೇಕು. ಸರ್ವರಿನಲ್ಲಿರುವ ಪಾಠಕ್ಕೆ ಇದರ ಅಗತ್ಯವಿಲ್ಲ. ಸೆಪ್ಟೆಂಬರಿನ ಎಸ್‌ಎ-1 ಪರೀಕ್ಷೆಯಲ್ಲಿ ಮಗು ಬರೆದ ಉತ್ತರ ಮಾರ್ಚಿನಲ್ಲಿ ಪಾಠದಲ್ಲೇ ಇಲ್ಲದಿರಬಹುದು. ಚುನಾವಣೆ ಶಾಲಾ ವರ್ಷದ ನಡುವೆ ಬಂದರಂತೂ ಕೇಳುವುದೇ ಬೇಡ.

ಇದು ಊಹೆಯ ಭಯ ಅಂದುಕೊಳ್ಳಬೇಡಿ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಹಕ್ಕುಸ್ವಾಮ್ಯದ ತಕರಾರೊಂದರ ಕಾರಣ ಕೊಟ್ಟು ದುಡ್ಡು ಕೊಟ್ಟು ಕೊಂಡವರ ಕಿಂಡಲ್‌ಗಳೊಳಗಿಂದಲೇ ಎರಡು ಪುಸ್ತಕಗಳನ್ನು ದೂರದಿಂದ ಅಳಿಸಿಹಾಕಿತು. ಆ ಪುಸ್ತಕಗಳು ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’. ವ್ಯಂಗ್ಯವನ್ನು ಕಂಪನಿಯೇ ಒದಗಿಸಿತ್ತು, ನಾವು ಸೇರಿಸಬೇಕಾದ್ದಿಲ್ಲ. ಮಿಷಿಗನ್ ರಾಜ್ಯದ ಹೈಸ್ಕೂಲು ಹುಡುಗನೊಬ್ಬ ರಜೆಯ ಮನೆಗೆಲಸಕ್ಕೆಂದು ‘1984’ ಓದುತ್ತ ಅದರಲ್ಲಿ ಟಿಪ್ಪಣಿ ಮಾಡಿಕೊಂಡಿದ್ದ. ಪುಸ್ತಕ ಮಾಯವಾಯಿತು, ಯಾವ ಸಾಲಿಗೆ ಯಾವ ಟಿಪ್ಪಣಿ ಎಂಬುದೇ ತಿಳಿಯದೆ ಅವನು ಬರೆದುಕೊಂಡದ್ದು ಕೆಲಸಕ್ಕೆ ಬಾರದಾಯಿತು. ಅವನು ಕೋರ್ಟಿಗೆ ಹೋದ, ಕಂಪನಿ ಕ್ಷಮೆ ಕೇಳಿ ರಾಜಿಗೆ ಬಂತು. ನಮ್ಮ ಹತ್ತನೇ ತರಗತಿಯ ಹುಡುಗಿ ಯಾವ ಕೋರ್ಟಿಗೆ ಹೋಗುತ್ತಾಳೆ?

ಈಗಿನ ಮಕ್ಕಳು ಹುಟ್ಟುತ್ತಲೇ ಪರದೆ ನೋಡಿದವರು, ಅವರಿಗೆ ಅದರಲ್ಲೇ ಓದು ಹತ್ತುತ್ತದೆ ಎಂಬುದು ಮುಂದಿನ ವಾದ. ಫೋನು ತಿಕ್ಕುವುದು ಹತ್ತಿದೆ, ಒಪ್ಪಿದೆ. ಓದಿನ ಮಾತು ಬೇರೆ. 2000ದಿಂದ 2017ರವರೆಗೆ ಕಾಗದದ ಓದು ಮತ್ತು ಪರದೆಯ ಓದನ್ನು ಹೋಲಿಸಿ ನಡೆದ 54 ಅಧ್ಯಯನಗಳನ್ನು, ಅಂದರೆ 1.7 ಲಕ್ಷಕ್ಕೂ ಹೆಚ್ಚು ಓದುಗರ ಲೆಕ್ಕವನ್ನು, ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಕಥೆ ಓದುವಾಗ ಹೆಚ್ಚು ವ್ಯತ್ಯಾಸವಿಲ್ಲ. ಮಾಹಿತಿ ಪಾಠ ಓದುವಾಗ, ಅದರಲ್ಲೂ ಸಮಯದ ಒತ್ತಡವಿದ್ದಾಗ, ಕಾಗದದಲ್ಲಿ ಓದಿದವರಿಗೇ ಹೆಚ್ಚು ಅರ್ಥವಾಗಿತ್ತು. ಪರದೆಯ ಜೊತೆ ಬೆಳೆದ ತಲೆಮಾರು ಬಂದಂತೆ ಈ ಅಂತರ ಕುಗ್ಗಬೇಕಿತ್ತಲ್ಲ. ವರ್ಷ ಕಳೆದಂತೆ ಅದು ಹೆಚ್ಚಿತ್ತು. ಪ್ರೌಢಶಾಲೆಯ ಮಗು ಪುಸ್ತಕದಲ್ಲಿ ಓದುವುದರಲ್ಲಿ ಹೆಚ್ಚಿನ ಪಾಲು ಮಾಹಿತಿ ಪಾಠವೇ.

ಕೋವಿಡ್ ಕಾಲದಲ್ಲಿ ಎಲ್ಲ ಆನ್‌ಲೈನಿನಲ್ಲೇ ನಡೆಯಿತಲ್ಲ ಎಂದೂ ಕೇಳುತ್ತಾರೆ. ಯಾರ ಮನೆಯಲ್ಲಿ ನಡೆಯಿತು? ಸರ್ಕಾರಿ ಶಾಲೆಯ ಪಾಲಿಗೆ 2020 ಎಂದರೆ ಚಂದನ ವಾಹಿನಿಯ ಪಾಠ, ಆಮೇಲೆ ವಿದ್ಯಾಗಮ. ದೇವಸ್ಥಾನದ ಜಗಲಿಯಲ್ಲಿ, ಸಮುದಾಯ ಭವನದಲ್ಲಿ, ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ನಾವು ತೆರೆದದ್ದು ಪಠ್ಯಪುಸ್ತಕವನ್ನು.

ಹೊರದೇಶದ ಉದಾಹರಣೆಗಳಿಗೆ ಬರೋಣ. ಅಮೆರಿಕದ ಅರಿಜೋನಾ ರಾಜ್ಯದ ವೇಲ್ ಎಂಬಲ್ಲಿ 2005ರಲ್ಲಿ ಶುರುವಾದ ಎಂಪೈರ್ ಹೈಸ್ಕೂಲು ಪಠ್ಯಪುಸ್ತಕವೇ ಇಲ್ಲದೆ ಲ್ಯಾಪ್‌ಟಾಪಿನಲ್ಲೇ ನಡೆಯಿತು ಎಂಬುದನ್ನು ಇವರು ತಪ್ಪದೆ ಹೇಳುತ್ತಾರೆ. ಅದು ನಿಜ. ಅದು ಹೊಸದಾಗಿ ಕಟ್ಟಿದ ಶಾಲೆ, ನೂರು ನೂರೈವತ್ತು ವರ್ಷದ ಕಟ್ಟಡಕ್ಕೆ ವೈರು ಎಳೆದದ್ದಲ್ಲ. ಇನ್ನೊಂದು ಸಂಗತಿಯನ್ನು ಹೇಳಲು ಅವರು ಮರೆಯುತ್ತಾರೆ: ಅಲ್ಲಿ ಯಾವ ಪಾಠಕ್ಕೆ ಯಾವ ಸಾಮಗ್ರಿ ಎಂದು ಕೂತು ಆರಿಸಿ, ಹೊಂದಿಸಿ, ಹಂಚಿಕೊಂಡವರು ಶಿಕ್ಷಕರು. ಆ ಕೆಲಸವೇ ಮುಂದೆ ಬೇರೆ ಜಿಲ್ಲೆಗಳಿಗೂ ಹೋಯಿತು. ನಮ್ಮಲ್ಲಿ ಎಷ್ಟೋ ಕಡೆ ಅತಿಥಿ ಶಿಕ್ಷಕರನ್ನಿಟ್ಟುಕೊಂಡು, ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣಾ ಕೆಲಸ ಮಾಡಿಸುತ್ತ ಈ ಕೆಲಸಕ್ಕೆ ಪುರುಸೊತ್ತು ಎಲ್ಲಿಂದ ತರುತ್ತಾರೋ ಕಾಣೆ.

ವೇಲ್ ಎಂಬ ಒಂದು ಊರಿನ ಎದುರಿಗೆ ಇಡೀ ದೇಶಗಳ ಅನುಭವವಿದೆ. ಪೆರು ದೇಶ ಮಕ್ಕಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಪುಟ್ಟ ಲ್ಯಾಪ್‌ಟಾಪ್ ಹಂಚಿತು. 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಮೌಲ್ಯಮಾಪನ 2012ರಲ್ಲಿ ಬಂದಾಗ ಗಣಿತದಲ್ಲೂ ಭಾಷೆಯಲ್ಲೂ ಅಂಕ ಏರಿರಲಿಲ್ಲ. ಹೊಂಡುರಾಸಿನ 271 ಶಾಲೆಗಳಲ್ಲಿ ನಡೆದದ್ದು ನಮ್ಮ ಚರ್ಚೆಗೆ ಇನ್ನೂ ಹತ್ತಿರ: ಕೆಲವು ಶಾಲೆಗಳಿಗೆ ಪಠ್ಯಪುಸ್ತಕ, ಕೆಲವಕ್ಕೆ ಅದರ ಬದಲು ಲ್ಯಾಪ್‌ಟಾಪ್. ವರ್ಷದ ಕೊನೆಗೆ ಕಲಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಲ್ಯಾಪ್‌ಟಾಪಿನಿಂದ ಮಕ್ಕಳು ಕೆಟ್ಟರೆಂದು ನಾನು ಹೇಳುತ್ತಿಲ್ಲ, ಆ ಅಧ್ಯಯನವೂ ಹೇಳುವುದಿಲ್ಲ. ಅಷ್ಟೇ ಕಲಿಕೆಗೆ ಅಷ್ಟು ದೊಡ್ಡ ಯಂತ್ರವೇಕೆ ಎಂಬುದು ನನ್ನ ಪ್ರಶ್ನೆ. ಇವು ಪ್ರಾಥಮಿಕ ಶಾಲೆಗಳ ಲೆಕ್ಕ ಎಂದರೆ, ಹದಿನೈದು ವರ್ಷದ ಮಕ್ಕಳ ಪೀಸಾ ಪರೀಕ್ಷೆಯ ಆಧಾರದ ಮೇಲೆ ಒಇಸಿಡಿ 2015ರಲ್ಲಿ ಕೊಟ್ಟ ವರದಿಯನ್ನು ನೋಡಬಹುದು. ಶಾಲೆಯ ಕಂಪ್ಯೂಟರಿಗೆ ಕೈಬಿಚ್ಚಿ ಸುರಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನ ಯಾವುದರಲ್ಲೂ ಗಮನಕ್ಕೆ ಬರುವ ಏರಿಕೆ ಇರಲಿಲ್ಲ. ಸ್ವೀಡನ್ 2023ರಲ್ಲಿ ಅಚ್ಚಿನ ಪುಸ್ತಕ ಕೊಳ್ಳಲೆಂದೇ 685 ಮಿಲಿಯನ್ ಕ್ರೋನಾ ತೆಗೆದಿಟ್ಟಿತು. ದಕ್ಷಿಣ ಕೊರಿಯಾ 2025ರ ಮಾರ್ಚಿನಲ್ಲಿ ಕೃತಕ ಬುದ್ಧಿಮತ್ತೆಯ ಡಿಜಿಟಲ್ ಪಠ್ಯಪುಸ್ತಕ ಜಾರಿಗೆ ತಂದು, ಆಗಸ್ಟಿನಲ್ಲಿ ಕಾನೂನು ಮಾಡಿ ಅದನ್ನು ಪಠ್ಯಪುಸ್ತಕದ ಸ್ಥಾನದಿಂದ ಇಳಿಸಿ ಪೂರಕ ಸಾಮಗ್ರಿ ಎಂದಿತು. ಬಡತನದಿಂದ ಹಿಂದೆ ಸರಿದ ದೇಶಗಳಲ್ಲ ಇವೆರಡೂ.

ಹಳ್ಳಿಯ ಮಗುವಿಗೂ ಬೆಂಗಳೂರಿನ ಮಗುವಿಗೂ ಒಂದೇ ಪಾಠ ಸಿಗಲಿ ಎಂಬ ಸಮಾನತೆಯ ವಾದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಸಮಾನತೆ ಪ್ಲಗ್ ಪಾಯಿಂಟಿನಿಂದ ಶುರುವಾಗಬೇಕು. ಐವತ್ತು ಮಕ್ಕಳ ಕೋಣೆಯಲ್ಲಿ ತಲಾ 50 ವ್ಯಾಟಿನ ಚಾರ್ಜರ್ ಎಂದರೆ ಎರಡೂವರೆ ಕಿಲೋವ್ಯಾಟ್; ಎಂಟು, ಒಂಬತ್ತು, ಹತ್ತು ಸೇರಿ ಏಳೂವರೆ. ಕೋಣೆಗೆ ಒಂದು ಫ್ಯಾನು, ಒಂದು ಸ್ವಿಚ್‌ಬೋರ್ಡು ಇರುವ ಶಾಲೆಗಳ ಮಾತಾಡುತ್ತಿದ್ದೇವೆ ಎಂಬುದು ನೆನಪಿರಲಿ. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಬರಲಿ ಎಂದರೆ, ಕರೆಂಟು ಹೋದ ಮನೆಯ ಮಗು ಮರುದಿನ ಪುಸ್ತಕವಿಲ್ಲದೆ ಬಂದಂತೆಯೇ.

ಶಾಲೆಗೆ ಯಂತ್ರ ಕೊಡುವುದನ್ನು ನಾವು ಒಮ್ಮೆ ಮಾಡಿಯೂ ನೋಡಿದ್ದೇವೆ. 2001ರಲ್ಲಿ ಕರ್ನಾಟಕ ‘ಮಾಹಿತಿ ಸಿಂಧು’ ಎಂಬ ಹೆಸರಿನಲ್ಲಿ ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಕಂಪ್ಯೂಟರ್ ಕೋಣೆಯನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು, ಕಲಿಸುವವರೂ ಗುತ್ತಿಗೆಯವರೇ. ಶಾಲೆಯ ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೆ ಆ ಕೋಣೆ ಬೇರೆಯವರ ಮನೆಯಂತಿತ್ತು. ಅವಧಿ ಮುಗಿದಾಗ ಕಲಿಸುವವರು ಹೋದರು, ಎಷ್ಟೋ ಕಡೆ ಬೀಗ ಉಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೇರಳ ‘ಐಟಿ ಅಟ್ ಸ್ಕೂಲ್’ ಶುರು ಮಾಡಿತು. ಅಲ್ಲಿ ಶಾಲೆಯ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟರು, ಉಚಿತ ಮುಕ್ತ ತಂತ್ರಾಂಶ ಬಳಸಿದರು. ಮುಂದೆ ಎಂಟರಿಂದ ಹನ್ನೆರಡರವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟರು. ಕೋಣೆಗೆ ಒಂದೊಂದು, ಮಗುವಿಗೆ ಒಂದೊಂದಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಈ ಯೋಜನೆಯ ಜೊತೆಗೆ ಅಚ್ಚಾದ ಕನ್ನಡ ಪುಸ್ತಕ ಸಿಗುತ್ತದೆ.

ಬೇಕಾದ ವಿಷಯವನ್ನು ಕ್ಷಣದಲ್ಲಿ ಹುಡುಕಬಹುದು ಎಂಬ ಹೊಗಳಿಕೆಗೆ ಕನ್ನಡದವನಾಗಿ ನಗು ಬರುತ್ತದೆ. ಪಠ್ಯಪುಸ್ತಕಗಳ ಪಿಡಿಎಫ್ ಈಗಾಗಲೇ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹಳೆಯ ಅಕ್ಷರವಿನ್ಯಾಸದಲ್ಲಿ ಜೋಡಿಸಿದ ಕನ್ನಡ ಪುಟವೊಂದನ್ನು ತೆರೆದು ‘ದ್ಯುತಿಸಂಶ್ಲೇಷಣೆ’ ಎಂದು ಹುಡುಕಿ ನೋಡಿ. ಸಿಗುವುದಿಲ್ಲ. ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಯೂನಿಕೋಡಿಗೆ ಬದಲಿಸುವ ಕೆಲಸ ಸಣ್ಣದು, ಅದನ್ನೇ ಪೂರ್ತಿ ಮಾಡದೆ ಪುಸ್ತಕ ತೆಗೆಯುವ ದೊಡ್ಡ ಮಾತಾಡುತ್ತಾರೆ.

ಒಂದು ವಾದಕ್ಕೆ ಮಾತ್ರ ನನ್ನ ಬಳಿ ಉತ್ತರವಿಲ್ಲ, ಉತ್ತರ ಬೇಕಾಗಿಯೂ ಇಲ್ಲ. ಕಣ್ಣು ಕಾಣದ ಮಕ್ಕಳಿಗೆ ಅಚ್ಚಿನ ಪುಸ್ತಕ ಬರೀ ಕಾಗದ. ಎನ್‌ವಿಡಿಎಯಂಥ ಉಚಿತ ತಂತ್ರಾಂಶ ಕನ್ನಡವನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ, ಪಾಠ ಯೂನಿಕೋಡಿನಲ್ಲಿದ್ದರೆ. ಆ ಮಕ್ಕಳಿಗೆ ಲ್ಯಾಪ್‌ಟಾಪ್ ನಾಳೆಯೇ ಕೊಡಲಿ, ತಡವಾಗಿದೆ.

ಕೊನೆಗೆ ಒಂದು ಚುಚ್ಚುಮಾತು ಉಳಿಯುತ್ತದೆ: ಮೇಷ್ಟ್ರುಗಳಿಗೆ ಕಂಪ್ಯೂಟರ್ ಬರುವುದಿಲ್ಲ, ಅದಕ್ಕೇ ಪುಸ್ತಕ ಹಿಡಿದು ಜೋತಾಡುತ್ತಾರೆ. ‘ಸಬ್ಜೆಕ್ಟ್ ಟೀಚರ್ ಫೋರಂ’ ಎಂಬ ಕಾರ್ಯಕ್ರಮದಲ್ಲಿ ನಮ್ಮದೇ ರಾಜ್ಯದ ಪ್ರೌಢಶಾಲಾ ಶಿಕ್ಷಕರು ಲಿನಕ್ಸ್ ಕಲಿತರು, ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಕಲಿತರು, ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣಕ್ಕೆ ಪಾಠ ಸಾಮಗ್ರಿ ಬರೆದರು. ವೃತ್ತದ ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಎಂಬುದನ್ನು ಜಿಯೋಜೀಬ್ರಾದಲ್ಲಿ ಬಿಂದುವನ್ನು ಹಿಡಿದು ಎಳೆದಾಡಿ ತೋರಿಸಿದಾಗ ಹಿಂದಿನ ಬೆಂಚಿನವರೂ ಮುಂದೆ ಬಾಗುತ್ತಾರೆ. ಯಾವ ಪುಸ್ತಕವೂ ಅದನ್ನು ಮಾಡಲಾರದು. ಅದಾದ ಮೇಲೆ ಪುಸ್ತಕ ತೆರೆದು, ನೋಟ್‌ಬುಕ್ಕಿನಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಅದೇ ಪ್ರಮೇಯವನ್ನು ಪ್ರತಿ ಮಗುವೂ ಕೈಯಾರೆ ಬರೆಯಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಸಿಗುವುದು ಅದಕ್ಕೇ. ಈ ಇಡೀ ಪಾಠಕ್ಕೆ ಬೇಕಾದದ್ದು ಕೋಣೆಗೊಂದು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರು, ನಡೆಯುವ ಒಂದು ಯುಪಿಎಸ್ಸು, ಜೂನ್ ಒಂದಕ್ಕೆ ಕೈಗೆ ಬಂದ ಐವತ್ತು ಪುಸ್ತಕ.